ನೆಟ್ಟನ್ನು 19 ಸೆಂಟಿಮೀಟರ್ ಇಳಿಸಿಕೊಡಿ: ಕೊಡಗಿನ ಕ್ರೀಡಾ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಕೊಡಗಿನ ಊರೂರುಗಳಲ್ಲಿ ವಾಲಿಬಾಲ್ ಪಂದ್ಯಾವಳಿ, ಕೆಸರುಗದ್ದೆ ಕ್ರೀಡಾಕೂಟ ನಡೆಸುವ ಯುವಕ ಸಂಘಗಳ ಮತ್ತು ಕ್ರೀಡಾ ಸಮಿತಿಗಳ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಅಮ್ಮತ್ತಿ ಹೋಬಳಿಯವಳು. ನನ್ನ ತಂದೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಹೈಸ್ಕೂಲಿನಲ್ಲಿದ್ದಾಗ ಮೂರು ವರ್ಷ ಶಾಲೆಯ ತಂಡದಲ್ಲಿ ವಾಲಿಬಾಲ್ ಆಡಿದ್ದೆ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಚೆಂಡು ಮುಟ್ಟಲಿಲ್ಲ. ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಸಂಜೆ ಹೊತ್ತು ನಮ್ಮ ಲೈನ್ ಮನೆಗಳ (ತೋಟದ ಕೆಲಸದವರ ಸಾಲುಮನೆಗಳ) ಮತ್ತು ಪಕ್ಕದ ಊರಿನ 11 ಹುಡುಗಿಯರಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ಎಲ್ಲರಿಗಿಂತ ಚಿಕ್ಕವಳು ಏಳನೇ ಕ್ಲಾಸು. ದೊಡ್ಡವಳು ಎರಡನೇ ಪಿಯುಸಿ. ನನ್ನ ಹತ್ತಿರ ಕೋಚ್ ಸರ್ಟಿಫಿಕೇಟು ಇಲ್ಲ. ನನಗೆ ಗೊತ್ತಿರುವಷ್ಟನ್ನು ಕಲಿಸುತ್ತೇನೆ, ಉಳಿದದ್ದನ್ನು ಮಕ್ಕಳ ಜೊತೆ ಕೂತು ಮೊಬೈಲ್‌ನಲ್ಲಿ ನೋಡಿ ಕಲಿಯುತ್ತೇನೆ.

ಮಳೆ ಬಿಟ್ಟ ಮೇಲೆ ನಡೆಯುವ ಪಂದ್ಯಾವಳಿಗಳ ಬಗ್ಗೆ ನಿಮ್ಮ ಸಭೆಗಳು ಶುರುವಾಗುವ ಹೊತ್ತು ಇದು. ಕರಪತ್ರ ಅಚ್ಚಾದ ಮೇಲೆ ಹೇಳಿ ಪ್ರಯೋಜನವಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ನಡೆದ ಸಂಗತಿ. ಯಾವ ಊರು, ಯಾವ ಸಂಘ ಅಂತ ಹೇಳುವುದಿಲ್ಲ. ಯಾರನ್ನೂ ಅವಮಾನ ಮಾಡುವುದು ನನ್ನ ಉದ್ದೇಶವಲ್ಲ. ಅವರು ಒಳ್ಳೆಯ ಜನ. ಎರಡು ದಿನದ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟುಕೊಂಡಿದ್ದರು. ನಾನು ಎರಡು ಸಲ ಹೋಗಿ ಕೇಳಿಕೊಂಡ ಮೇಲೆ ಮೊದಲ ಬಾರಿಗೆ ಮಹಿಳೆಯರಿಗೂ ವಾಲಿಬಾಲ್ ಇಡಲು ಒಪ್ಪಿದರು. ನಾಲ್ಕು ತಂಡ ಹೆಸರು ಕೊಟ್ಟವು. ನಮ್ಮ ಹುಡುಗಿಯರು ಆ ತಿಂಗಳು ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ. ಅವರ ಜೆರ್ಸಿಗೆ ನಂಬರುಗಳನ್ನು ನಾನೇ ಹೊಲಿದೆ.

ಬೆಳಗ್ಗೆ 11 ಗಂಟೆಗೆ ನಮ್ಮ ಮೊದಲ ಪಂದ್ಯ ಅಂತ ಹೇಳಿದ್ದರು. 10 ಗಂಟೆಗೆ ಹೋಗಿ ಕೂತೆವು. ಹುಡುಗರ ಪಂದ್ಯಗಳು ಒಂದಾದ ಮೇಲೊಂದು ನಡೆದವು. 'ಈ ಮ್ಯಾಚ್ ಮುಗೀಲಿ', 'ದೂರದ ತಂಡ ಬಂದಿದೆ, ಅವರು ವಾಪಸ್ ಹೋಗ್ಬೇಕು', 'ಊಟ ಆಗ್ಲಿ'. ಹೀಗೇ ಸಂಜೆಯಾಯಿತು. ಮೈದಾನದಲ್ಲಿ ಶೌಚಾಲಯ ಇರಲಿಲ್ಲ. ಹತ್ತಿರದ ಒಂದು ಮನೆಯವರು ಬಾಗಿಲು ತೆರೆದು ಕೊಟ್ಟರು, ಅವರಿಗೆ ಪುಣ್ಯ ಬರಲಿ. ಏಳೂಕಾಲಿಗೆ ನಮ್ಮನ್ನು ಕರೆದರು. ಟೈಮ್ ಇಲ್ಲ, 15 ಪಾಯಿಂಟಿನ ಒಂದೇ ಸೆಟ್ ಅಂದರು. ಮೈಕಿನಲ್ಲಿ, 'ಈಗ ಸ್ವಲ್ಪ ಮನರಂಜನೆಗಾಗಿ ಮಹಿಳೆಯರ ಪಂದ್ಯ' ಎಂದು ಕೂಗಿದರು.

ಅದನ್ನೂ ಸಹಿಸಿಕೊಂಡೆವು. ಅಂಕಣಕ್ಕೆ ಇಳಿದು ನೋಡಿದರೆ ನೆಟ್ ಗಂಡಸರ ಎತ್ತರದಲ್ಲೇ ಇದೆ. ನಾನು ಹೋಗಿ ಅಂಪೈರ್ ಹತ್ತಿರ ಕೇಳಿದೆ. 'ಈಗ ಇಳಿಸಿದ್ರೆ ಮತ್ತೆ ಏರಿಸೋಕೆ ಅರ್ಧ ಗಂಟೆ ಬೇಕು ಅಕ್ಕಾ, ಸುಮ್ನೆ ಆಡಿಸಿಬಿಡಿ' ಅಂದರು. ಅವರು ಹೇಳಿದ್ದು ಒಂದು ಲೆಕ್ಕದಲ್ಲಿ ನಿಜ. ಆ ಕಂಬಗಳಲ್ಲಿ ಕೊಕ್ಕೆ ಇದ್ದದ್ದು ಒಂದೇ ಕಡೆ. ಹೆಣ್ಣುಮಕ್ಕಳ ಎತ್ತರಕ್ಕೆ ನೆಟ್ ಕಟ್ಟುವ ಜಾಗವೇ ಆ ಕಂಬಗಳಲ್ಲಿ ಇರಲಿಲ್ಲ.

ಗಂಡಸರ ವಾಲಿಬಾಲ್ ನೆಟ್ಟಿನ ಎತ್ತರ 2.43 ಮೀಟರ್. ಹೆಂಗಸರದು 2.24 ಮೀಟರ್. ಇದು ಲೋಕಕ್ಕೆಲ್ಲ ಒಂದೇ ನಿಯಮ. ವ್ಯತ್ಯಾಸ 19 ಸೆಂಟಿಮೀಟರ್. ಒಂದು ಗೇಣಿನಷ್ಟು. ಅಷ್ಟರಲ್ಲಿ ಏನಾಗುತ್ತದೆ ಅನ್ನಿಸಬಹುದು. ನಮ್ಮ ತಂಡದಲ್ಲಿ ಚೆನ್ನಾಗಿ ಸ್ಮ್ಯಾಶ್ ಮಾಡುವ ಹುಡುಗಿ 158 ಸೆಂಟಿಮೀಟರ್ ಎತ್ತರ. ಗೋಡೌನಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಅಳೆದಿದ್ದೇವೆ. ಓಡಿ ಬಂದು ಜಿಗಿದರೆ ಅವಳ ಬೆರಳ ತುದಿ 240 ಸೆಂಟಿಮೀಟರ್ ಮುಟ್ಟುತ್ತದೆ. ಅಂದರೆ ಹೆಂಗಸರ ನೆಟ್ಟಿನ ಮೇಲೆ ಅವಳ ಅಂಗೈ ಪೂರ್ತಿ ಬರುತ್ತದೆ. ಚೆಂಡನ್ನು ಕೆಳಕ್ಕೆ ಬಡಿಯಬಲ್ಲಳು. ಅದೇ ಗಂಡಸರ ನೆಟ್ಟಿಗೆ ಅವಳ ಬೆರಳ ತುದಿಯೂ ನಿಲುಕುವುದಿಲ್ಲ.

ಆವತ್ತು ಆದದ್ದೂ ಅದೇ. ಅಷ್ಟು ಕಷ್ಟಪಟ್ಟು ಕಲಿತ ಸ್ಮ್ಯಾಶ್ ಒಂದೂ ಆಗಲಿಲ್ಲ. ಎದುರಿನವರ ಹೊಡೆತವನ್ನು ನೆಟ್ಟಿನ ಮೇಲೆಯೇ ತಡೆದು ಬ್ಲಾಕ್ ಮಾಡಲು ಆಗಲಿಲ್ಲ. ಎರಡೂ ಕಡೆಯವರು ಕೆಳಗಿನಿಂದ ಚೆಂಡನ್ನು ಮೇಲಕ್ಕೆತ್ತಿ ದಾಟಿಸಿದರು, ಅಷ್ಟೇ. ಜನ ನಕ್ಕರು. 'ಹೆಂಗಸ್ರ ವಾಲಿಬಾಲ್ ಸಪ್ಪೆ, ಇದಕ್ಕಿಂತ ಥ್ರೋಬಾಲೇ ಇಡಬಹುದಿತ್ತು' ಅಂತ ನನ್ನ ಹಿಂದೆ ಕೂತವರು ಮಾತಾಡಿಕೊಂಡರು. ಮಾನ್ಯರೇ, ಸಪ್ಪೆ ಮಾಡಿದ್ದು ನಮ್ಮ ಮಕ್ಕಳಲ್ಲ. ಆ ನೆಟ್ಟು.

ಬಹುಮಾನದ ವಿಷಯ ಜಾಸ್ತಿ ಹೇಳುವುದಿಲ್ಲ. ಹುಡುಗರಿಗೆ 30 ಸಾವಿರ ಮತ್ತು ಆಳೆತ್ತರದ ಟ್ರೋಫಿ. ಹುಡುಗಿಯರಿಗೆ ತಲಾ ಒಂದು ಸ್ಟೀಲ್ ಡಬ್ಬಿ. ರಾತ್ರಿ ಹತ್ತೂವರೆಗೆ ಒಂದು ಪಿಕಪ್ ಹಿಡಿದು ಮನೆಗೆ ಬಂದೆವು. ನಮ್ಮ ಕಡೆ, ಸಿದ್ದಾಪುರ-ಅಮ್ಮತ್ತಿ ರಸ್ತೆಗಳಲ್ಲಿ, ಕತ್ತಲಾದ ಮೇಲೆ ಕಾಡಾನೆ ಯಾವ ತಿರುವಿನಲ್ಲಿ ನಿಂತಿರುತ್ತದೆ ಹೇಳಲಾಗುವುದಿಲ್ಲ. ಅದು ನಿಮಗೆಲ್ಲ ಗೊತ್ತಿರುವುದೇ. ಮಾರನೇ ದಿನ ಇಬ್ಬರು ಹುಡುಗಿಯರ ಮನೆಯವರು ಇನ್ನು ಆಟ ಬೇಡ ಅಂದರು. ಅವರನ್ನು ಒಪ್ಪಿಸಿ ವಾಪಸ್ ಕರೆತರಲು ನನಗೆ ಎರಡು ತಿಂಗಳು ಹಿಡಿಯಿತು.

ಇಷ್ಟು ನಡೆದದ್ದು. ಈಗ ಈ ಮಕ್ಕಳು ಯಾಕೆ ಅಷ್ಟು ನೊಂದರು ಅಂತ ಹೇಳುತ್ತೇನೆ.

2023ರ ಆಗಸ್ಟ್ 30ರಿಂದ ಸೆಪ್ಟೆಂಬರ್ 6ರವರೆಗೆ ಥಾಯ್ಲೆಂಡಿನಲ್ಲಿ ಏಷ್ಯಾ ಮಹಿಳಾ ವಾಲಿಬಾಲ್ ಚಾಂಪಿಯನ್‌ಶಿಪ್ ನಡೆಯಿತು. ಏಷ್ಯಾದ ರಾಷ್ಟ್ರೀಯ ತಂಡಗಳು ಸೇರುವ ದೊಡ್ಡ ಕೂಟ ಅದು. ನಮ್ಮಲ್ಲಿ ಆಗ ಕೈಲ್‌ಪೊಳ್ದ್ ಹಬ್ಬದ ವಾರ. ಆ ಪಂದ್ಯಗಳ ವಿಡಿಯೊ ನಮ್ಮ ಹುಡುಗಿಯರು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಮೊದಲ ದಿನವೇ ವಿಯೆಟ್ನಾಂ ತಂಡ ಎರಡು ಸೆಟ್ ಸೋತು, ಆಮೇಲೆ ಮೂರೂ ಸೆಟ್ ಗೆದ್ದು ದಕ್ಷಿಣ ಕೊರಿಯಾವನ್ನು ಸೋಲಿಸಿತು. ಕೊನೆಗೆ ಆ ವಿಯೆಟ್ನಾಂ ನಾಲ್ಕನೇ ಸ್ಥಾನಕ್ಕೆ ಬಂತು. ಫೈನಲ್‌ನಲ್ಲಿ ಥಾಯ್ಲೆಂಡ್ ಐದನೇ ಸೆಟ್‌ವರೆಗೆ ಹೋರಾಡಿ ಚೀನಾವನ್ನು 3-2ರಲ್ಲಿ ಸೋಲಿಸಿತು.

ಚೀನಾವನ್ನು ಸೋಲಿಸುವುದು ಅಂದರೆ ಸಣ್ಣ ಮಾತಲ್ಲ. 1975ರಲ್ಲಿ ಮೆಲ್ಬರ್ನ್‌ನಲ್ಲಿ ಈ ಚಾಂಪಿಯನ್‌ಶಿಪ್ ಶುರುವಾಯಿತು. ಅಲ್ಲಿಂದ 2023ರವರೆಗೆ ಗೆದ್ದ ದೇಶಗಳು ಬರೀ ಮೂರು. ಚೀನಾ 13 ಸಲ, ಜಪಾನ್ 5 ಸಲ, ಥಾಯ್ಲೆಂಡ್ 3 ಸಲ. ನಮ್ಮ ದೇಶದ ಹೆಣ್ಣುಮಕ್ಕಳು ಒಮ್ಮೆಯೂ ಮೊದಲ ಮೂರರೊಳಗೆ ಬಂದಿಲ್ಲ.

ಥಾಯ್ಲೆಂಡಿನ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಸಂಗತಿ ಇದೆ. ಆ ಪಂದ್ಯಗಳು ನಡೆದದ್ದು ರಾಜಧಾನಿ ಬ್ಯಾಂಕಾಕಿನಲ್ಲಲ್ಲ. ನಖೋನ್ ರಾಚಸೀಮಾ ಎಂಬ ಊರಿನಲ್ಲಿ. ಬ್ಯಾಂಕಾಕಿನಿಂದ ಸುಮಾರು 250 ಕಿಲೋಮೀಟರ್ ದೂರ. ಬೆಂಗಳೂರಿನಿಂದ ಮಡಿಕೇರಿ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ. 2001, 2007, 2013, 2023, ಹೀಗೆ ನಾಲ್ಕು ಸಲ ಏಷ್ಯಾದ ತಂಡಗಳೆಲ್ಲ ಆ ಊರಿಗೇ ಬಂದು ಆಡಿವೆ. 2013ರಲ್ಲೂ ಥಾಯ್ ಹುಡುಗಿಯರು ಅಲ್ಲೇ ಗೆದ್ದರು. ರಾಜಧಾನಿಯ ಹೊರಗಿನ ಒಂದು ಊರು ತನ್ನ ಹೆಣ್ಣುಮಕ್ಕಳ ಆಟ ನೋಡಲು ಹೀಗೆ ತುಂಬಿ ಬರುವುದನ್ನು ನಮ್ಮ ಮಕ್ಕಳು ಆ ವಿಡಿಯೊಗಳಲ್ಲಿ ಕಣ್ಣಾರೆ ನೋಡಿದ್ದಾರೆ.

ಏಪ್ರಿಲ್‌ನ ಆ ಪಂದ್ಯ ಆಗಿ ಒಂದು ವಾರಕ್ಕೆ ಅದೇ ಫೈನಲ್ ಮತ್ತೆ ಹಾಕಿಕೊಂಡು ಕೂತಿದ್ದೆವು. ಏಳನೇ ಕ್ಲಾಸಿನ ಆ ಸಣ್ಣ ಹುಡುಗಿ ಕೇಳಿದಳು. 'ಅಕ್ಕಾ, ಇವರ ನೆಟ್ ನಾವು ಆವತ್ತು ಆಡಿದ್ದಕ್ಕಿಂತ ಕೆಳಗಿದೆ ಅಲ್ವಾ?' ಹೌದು ಅಂದೆ. 'ಇವರು ಇಷ್ಟು ದೊಡ್ಡವರು. ನಮಗ್ಯಾಕೆ ಮೇಲೆ ಕಟ್ಟಿದ್ರು?' ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಏಷ್ಯಾದ ಚಾಂಪಿಯನ್ನರು 2.24 ಮೀಟರ್ ನೆಟ್ಟಿನಲ್ಲಿ ಆಡುತ್ತಾರೆ. ನಮ್ಮ 13 ವರ್ಷದ ಮಗುವಿಗೆ 2.43 ಮೀಟರ್ ಕಟ್ಟಿದೆವು.

'ನಮ್ಮ ಹುಡುಗೀರು ಕುಳ್ಳಗೆ, ವಾಲಿಬಾಲ್ ಅವರಿಗೆ ಆಗಲ್ಲ' ಎನ್ನುವ ಮಾತನ್ನು ನಾನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. 2009ರಲ್ಲಿ ಥಾಯ್ಲೆಂಡ್ ಮೊದಲ ಬಾರಿ ಏಷ್ಯಾ ಚಾಂಪಿಯನ್ ಆದಾಗ ಅವರ ಸೆಟ್ಟರ್, ಅಂದರೆ ಸ್ಮ್ಯಾಶ್ ಮಾಡುವವರಿಗೆ ಚೆಂಡು ಎತ್ತಿಕೊಡುವವಳು, ನೂತ್ಸರಾ ತೊಮ್ಕೊಮ್. ಆಕೆಯ ಎತ್ತರ 1.69 ಮೀಟರ್. ಆ ಎತ್ತರದ ಹುಡುಗಿಯರು ನಮ್ಮ ವಿರಾಜಪೇಟೆ, ಗೋಣಿಕೊಪ್ಪ ಕಾಲೇಜುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಥಾಯ್ ಕೋಚ್ ಕಿಯಾಟಿಪೊಂಗ್ ಹುಡುಗಿಯರನ್ನು ಚಿಕ್ಕ ವಯಸ್ಸಿನಲ್ಲೇ ಆರಿಸಿ, ವರ್ಷಗಟ್ಟಲೆ ಒಟ್ಟಿಗೇ ಆಡಿಸಿದರು. ಎತ್ತರ ಸಾಲದ ಕಡೆ ವೇಗ ಕಲಿಸಿದರು. ಚೆಂಡನ್ನು ಕೆಳಗೆ ಬೀಳಲು ಬಿಡದೆ ಎತ್ತುವುದಕ್ಕೆ ಎತ್ತರ ಬೇಕಿಲ್ಲ. ಅದಕ್ಕೇ ಅಂತ ಲಿಬೆರೊ ಎನ್ನುವ ಆಟಗಾರ್ತಿಯ ಜಾಗವೇ 1998ರಿಂದ ನಿಯಮದಲ್ಲಿದೆ. ಬೇರೆ ಬಣ್ಣದ ಜೆರ್ಸಿ ಹಾಕಿಕೊಂಡು ಹಿಂದೆ ನಿಲ್ಲುತ್ತಾಳಲ್ಲ, ಅವಳೇ. ನಮ್ಮ ಏಳನೇ ಕ್ಲಾಸಿನವಳು ಆಗಬೇಕು ಅಂದುಕೊಂಡಿರುವುದು ಅದೇ.

ಇನ್ನೂ ಹಿಂದಿನ ಒಂದು ಕಥೆ ನಮ್ಮ ಲೈನ್ ಮನೆಯ ತಾಯಂದಿರಿಗೆ ನಾನು ಯಾವಾಗಲೂ ಹೇಳುತ್ತೇನೆ. ಒಲಿಂಪಿಕ್ಸ್‌ಗೆ ವಾಲಿಬಾಲ್ ಬಂದದ್ದು 1964ರಲ್ಲಿ, ಟೋಕಿಯೊದಲ್ಲಿ. ಆ ವರ್ಷ ಮಹಿಳೆಯರ ಚಿನ್ನ ಗೆದ್ದದ್ದು ಜಪಾನ್. ಆ ತಂಡದ ಹೆಚ್ಚಿನವರು ಒಸಾಕಾ ಹತ್ತಿರದ ಒಂದು ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು. ಹಗಲು ಗಿರಣಿ ಕೆಲಸ, ಆಮೇಲೆ ರಾತ್ರಿ ತಡವಾಗುವವರೆಗೆ ಅಭ್ಯಾಸ. ಚೆಂಡಿಗಾಗಿ ನೆಲಕ್ಕೆ ಬಿದ್ದು, ಉರುಳಿ, ಹಾಗೇ ಎದ್ದು ನಿಲ್ಲುವ ಒಂದು ಪಟ್ಟನ್ನು ಅವರು ಲೋಕಕ್ಕೆ ತೋರಿಸಿಕೊಟ್ಟರು. ಹಗಲೆಲ್ಲ ಕಾಫಿ ಕೊಯ್ದು ಸಂಜೆ ಮಗಳನ್ನು ಆಟಕ್ಕೆ ಕಳಿಸುವ ತಾಯಿ ಈ ಕಥೆ ಕೇಳಿದರೆ ಸುಮ್ಮನೆ ತಲೆಯಾಡಿಸುತ್ತಾಳೆ. ಅವಳಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಥ್ರೋಬಾಲ್ ಬಗ್ಗೆಯೂ ಹೇಳಲೇಬೇಕು. ನಮ್ಮ ಕೆಸರುಗದ್ದೆ ಕೂಟಗಳ ಕರಪತ್ರ ತೆಗೆದು ನೋಡಿ. ಪುರುಷರಿಗೆ ವಾಲಿಬಾಲ್, ಮಹಿಳೆಯರಿಗೆ ಥ್ರೋಬಾಲ್, ಇಬ್ಬರಿಗೂ ಹಗ್ಗಜಗ್ಗಾಟ. ಇದು ಯಾರೂ ಯೋಚನೆ ಮಾಡಿ ಬರೆದದ್ದಲ್ಲ. ಹೋದ ವರ್ಷದ ಕರಪತ್ರ ನೋಡಿ ಈ ವರ್ಷದ್ದು ಅಚ್ಚಾಗುತ್ತದೆ. ಥ್ರೋಬಾಲ್ ಕೆಟ್ಟ ಆಟ ಅಂತ ನಾನು ಖಂಡಿತ ಹೇಳುತ್ತಿಲ್ಲ. ನಾನೂ ಆಡಿದ್ದೇನೆ. ಮನೆ, ತೋಟ ಅಂತಿರುವ ಎಷ್ಟೋ ಹೆಂಗಸರು ಮೈದಾನಕ್ಕೆ ಬರುವುದೇ ಆ ಆಟದಿಂದ. ಆದರೆ ಥ್ರೋಬಾಲಿಗೆ ಒಲಿಂಪಿಕ್ಸ್ ಇಲ್ಲ, ಏಷ್ಯನ್ ಗೇಮ್ಸ್ ಇಲ್ಲ. ಇನ್ನೊಂದು ತೊಂದರೆ ಇದೆ. ಥ್ರೋಬಾಲಿನಲ್ಲಿ ಚೆಂಡನ್ನು ಹಿಡಿಯಬೇಕು. ವಾಲಿಬಾಲಿನಲ್ಲಿ ಹಿಡಿದರೆ ತಪ್ಪು. ಹತ್ತು ವರ್ಷ ಹಿಡಿದು ಅಭ್ಯಾಸವಾದ ಕೈ ಬರುವ ಚೆಂಡನ್ನು ಕಂಡ ಕೂಡಲೇ ತಾನಾಗಿ ಹಿಡಿಯಲು ಹೋಗುತ್ತದೆ. ಅದನ್ನು ಬಿಡಿಸಲು ನಾನು ಪಡುವ ಕಷ್ಟ ನನಗೇ ಗೊತ್ತು. ಎರಡನ್ನೂ ಇಡಿ. ಹುಡುಗಿಯರೇ ಆರಿಸಿಕೊಳ್ಳಲಿ.

ದೂರದ ದೇಶಗಳ ಮಾತು ಬೇಡ ಅಂದರೆ ಪಕ್ಕದಲ್ಲೇ ನೋಡಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಪೇರಾವೂರು. ಜಿಮ್ಮಿ ಜಾರ್ಜ್ ಹುಟ್ಟಿದ ಊರು. ನಮ್ಮ ದೇಶ ಕಂಡ ಅತಿ ದೊಡ್ಡ ವಾಲಿಬಾಲ್ ಆಟಗಾರರಲ್ಲಿ ಅವರೊಬ್ಬರು. 1976ರಲ್ಲಿ ಅರ್ಜುನ ಪ್ರಶಸ್ತಿ ಪಡೆದು, ಇಟಲಿಗೆ ಹೋಗಿ ಆಡಿ, 1987ರಲ್ಲಿ ಅಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಅಣ್ಣತಮ್ಮಂದಿರೆಲ್ಲ ಸೇರಿದರೆ ಒಂದು ತಂಡವಾಗುತ್ತಿತ್ತು. ಅಂಥ ಕೇರಳದಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಎಲ್ಲಿಗೆ ಮುಟ್ಟಿದೆ ಅಂದರೆ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಮಹಿಳಾ ಫೈನಲ್ ಎಷ್ಟೋ ವರ್ಷ ಕೇರಳ ಮತ್ತು ರೈಲ್ವೇಸ್ ನಡುವೆಯೇ ನಡೆದಿದೆ. ಆ ರೈಲ್ವೇಸ್ ತಂಡದಲ್ಲೂ ಮಲಯಾಳಿ ಹುಡುಗಿಯರು ಇದ್ದೇ ಇರುತ್ತಾರೆ. ಆಟದಿಂದ ಅವರಿಗೆ ರೈಲ್ವೆಯಲ್ಲಿ, ವಿದ್ಯುತ್ ಮಂಡಳಿಯಲ್ಲಿ ಕೆಲಸ ಸಿಕ್ಕಿದೆ. ಘಾಟಿಯ ಕೆಳಗೆ ಇದು ಆಗುತ್ತದೆ. ಮೇಲೆ ಯಾಕೆ ಆಗಬಾರದು? ನಮ್ಮ ದೇಶದ ತಂಡ 2016ರಲ್ಲಿ ಗುವಾಹಟಿಯಲ್ಲಿ, 2019ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದಿದೆ. ಅಂಥ ತಂಡದಲ್ಲಿ ಒಂದು ದಿನ ಕೊಡಗಿನ ಹುಡುಗಿ ಇರಬೇಕು ಅಂತ ಆಸೆಪಡುವುದು ಅತಿಯಾಸೆ ಅಂತ ನನಗೆ ಅನ್ನಿಸುವುದಿಲ್ಲ.

ಆಟ ಅಂದರೆ ಏನು ಅಂತ ಕೊಡಗಿಗೆ ಬೇರೆಯವರು ಕಲಿಸಬೇಕಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಶುರುವಾಯಿತು. ಅಲ್ಲಿ ಹೆಣ್ಣುಮಕ್ಕಳೂ ತಮ್ಮ ಒಕ್ಕದ (ಮನೆತನದ) ತಂಡದಲ್ಲಿ ಸ್ಟಿಕ್ ಹಿಡಿದು ಇಳಿದಿದ್ದಾರೆ. ಅಣ್ಣನ ಜೊತೆ ತಂಗಿ, ಕೆಲವೊಮ್ಮೆ ಅಪ್ಪನ ಜೊತೆ ಮಗಳು. ಓಟಗಾರ್ತಿ ಅಶ್ವಿನಿ ನಾಚಪ್ಪ, ಸ್ಕ್ವಾಷ್ ಆಟಗಾರ್ತಿ ಜೋಶ್ನಾ ಚಿಣ್ಣಪ್ಪ ಅವರ ಹೆಸರು ಹೇಳಿ ನಾವು ಹೆಮ್ಮೆಪಡುತ್ತೇವೆ. ಆ ದೊಡ್ಡ ಮನಸ್ಸನ್ನು ವಾಲಿಬಾಲ್ ಅಂಕಣಕ್ಕೂ ತನ್ನಿ ಎಂದು ಕೇಳುತ್ತಿದ್ದೇನೆ.

ನಮ್ಮ ಅಭ್ಯಾಸದ ಕಷ್ಟವನ್ನೂ ಸ್ವಲ್ಪ ಕೇಳಿ. ನಮಗಿರುವ ಅಂಕಣ ಅಂದರೆ ಕಾಫಿ ಒಣಗಿಸುವ ಕಣ. ತೋಟದ ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಾರೆ. ಸಿಮೆಂಟ್ ನೆಲ, ಬಿದ್ದರೆ ಮಂಡಿ ಕಿತ್ತುಹೋಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಹರಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಉಳಿಯುವುದು ವರ್ಷಕ್ಕೆ ನಾಲ್ಕು ತಿಂಗಳು. ಮಳೆಗಾಲದಲ್ಲಿ ಒಳಗೆ ಆಡೋಣ ಅಂದರೆ ವಾಲಿಬಾಲ್ ಅಂಕಣದ ಮೇಲೆ 7 ಮೀಟರ್ ಖಾಲಿ ಇರಬೇಕು. ನಮ್ಮ ಊರಿನ ಸಮುದಾಯ ಭವನದಲ್ಲಿ ಚೆಂಡು ಎರಡನೇ ಪಾಸಿಗೇ ಫ್ಯಾನಿಗೆ ಬಡಿಯುತ್ತದೆ. ಒಳಾಂಗಣ ಕಟ್ಟಿಸಿಕೊಡಿ ಅಂತ ನಿಮ್ಮನ್ನು ಕೇಳುವುದು ಸರಿಯಲ್ಲ, ಅದು ಸರ್ಕಾರದ ಕೆಲಸ. ಆದರೆ ನಿಮ್ಮ ಸಂಘಗಳು ಶಾಸಕರ ಹತ್ತಿರ, ಪಂಚಾಯಿತಿಯಲ್ಲಿ ಮೈದಾನಕ್ಕೆ, ಭವನಕ್ಕೆ ಅಂತ ಮನವಿ ಕೊಡುವಾಗ ಸೂರಿನ ಎತ್ತರ 7 ಮೀಟರಿಗಿಂತ ಮೇಲಿರಲಿ ಎಂದು ಒಂದು ಸಾಲು ಸೇರಿಸಿ. ಕಟ್ಟಿದ ಮೇಲೆ ಸೂರು ಎತ್ತಲಾಗುವುದಿಲ್ಲ.

ನಿಮ್ಮ ಕೈಯಲ್ಲೇ ಇರುವುದನ್ನು ಈಗ ಕೇಳುತ್ತೇನೆ. ಈ ಸಲದ ಕರಪತ್ರದಲ್ಲಿ ಮಹಿಳೆಯರ ವಾಲಿಬಾಲ್ ಇರಲಿ. ಎರಡೇ ತಂಡ ಬಂದರೂ ರದ್ದು ಮಾಡಬೇಡಿ. ಹುಡುಗರದ್ದೂ ಒಂದು ಕಾಲದಲ್ಲಿ ಎರಡು ಮೂರು ತಂಡಗಳಿಂದಲೇ ಶುರುವಾದದ್ದು ಅಲ್ವಾ? ಹುಡುಗಿಯರ ಪಂದ್ಯಗಳನ್ನು ಬೆಳಗ್ಗೆಯೇ ಮುಗಿಸಿ. ಹೊನಲು ಬೆಳಕಿನ ಪಂದ್ಯಾವಳಿಯಾದರೂ ಹೆಣ್ಣುಮಕ್ಕಳು ಸಂಜೆ ಐದರೊಳಗೆ ಮನೆ ದಾರಿ ಹಿಡಿಯುವಂತಿರಲಿ. ಆನೆ ಓಡಾಡುವ ಊರಿನಲ್ಲಿ ಇದು ರಿಯಾಯಿತಿಯಲ್ಲ, ಅಗತ್ಯ. ಸೆಟ್ 25 ಪಾಯಿಂಟಿಗೇ ಇರಲಿ. ಬಹುಮಾನ ಗಂಡಸರಷ್ಟೇ ಕೊಡಲು ಈ ವರ್ಷ ಆಗದಿದ್ದರೆ ಆಗುವಷ್ಟು ಕೊಡಿ. ಆದರೆ ಗೆದ್ದ ತಂಡದ ಹೆಸರು ಬರೆದ ಒಂದು ಕಪ್ ಇರಲೇಬೇಕು. ಡಬ್ಬಿ ಮನೆಯ ಅಡುಗೆಕೋಣೆಗೆ ಹೋಗುತ್ತದೆ, ಕಪ್ ಶಾಲೆಯ ಬೀರುವಿನಲ್ಲಿ ಕೂರುತ್ತದೆ. ಅದನ್ನು ನೋಡಿ ಮುಂದಿನ ವರ್ಷ ಇನ್ನೂ ನಾಲ್ಕು ಮಕ್ಕಳು ಬರುತ್ತಾರೆ. ಶೌಚಾಲಯದ ಏರ್ಪಾಡು ಮಾಡಿ. ಮಕ್ಕಳು ಟ್ರ್ಯಾಕ್ ಪ್ಯಾಂಟ್ ಹಾಕಲಿ, ಚೂಡಿದಾರದ ಮೇಲೆ ಜೆರ್ಸಿ ಹಾಕಲಿ, ಅದರ ಬಗ್ಗೆ ಮೈಕಿನಲ್ಲಿ ಯಾರೂ ಮಾತಾಡದಂತೆ ನೋಡಿಕೊಳ್ಳಿ. 'ಮನರಂಜನೆಗಾಗಿ' ಎಂಬ ಮಾತು ದಯವಿಟ್ಟು ಬೇಡ. ಅವರು ಗೆಲ್ಲಲು ಬಂದಿರುತ್ತಾರೆ.

ಇನ್ನು ನೆಟ್ಟು. ಇದಕ್ಕಾಗಿಯೇ ಇಷ್ಟೆಲ್ಲ ಬರೆದೆ. ನಿಮ್ಮ ಕಂಬಗಳಲ್ಲಿ ಈಗಿರುವ ಕೊಕ್ಕೆಯ ಕೆಳಗೆ ಇನ್ನೊಂದು ಕೊಕ್ಕೆ ಹಾಕಿಸಿ. ನೆಟ್ಟಿನ ಮೇಲಂಚು ಅಂಕಣದ ನಡುಮಧ್ಯದಲ್ಲಿ ನೆಲದಿಂದ 2.24 ಮೀಟರ್ ಬರಬೇಕು. ಹಗ್ಗ ಜಗ್ಗಿರುವುದರಿಂದ ಕಂಬದ ಹತ್ತಿರ ಅಳೆದು ಬಿಟ್ಟುಬಿಡಬೇಡಿ, ಮಧ್ಯದಲ್ಲೇ ಅಳೆಯಿರಿ. ನಮ್ಮ ಕಣದ ಕಂಬಗಳಿಗೆ ವೆಲ್ಡಿಂಗ್ ಅಂಗಡಿಯವರು ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಎರಡೂ ಕೊಕ್ಕೆ ಹಾಕಿಕೊಟ್ಟರು. ಎರಡು ಕೊಕ್ಕೆ ಇದ್ದರೆ ಇಳಿಸಲು ಏರಿಸಲು ಅರ್ಧ ಗಂಟೆ ಬೇಡ. ನಮ್ಮ ಹುಡುಗಿಯರೇ ಐದು ನಿಮಿಷದಲ್ಲಿ ಕಟ್ಟುತ್ತಾರೆ, ಪಂದ್ಯ ಮುಗಿದ ಮೇಲೆ ಹುಡುಗರ ಎತ್ತರಕ್ಕೆ ಅವರೇ ಕಟ್ಟಿಕೊಟ್ಟು ಬರುತ್ತಾರೆ.

ಯಾವ ಸಮಿತಿಗಾದರೂ ಕಂಬ ತೋರಿಸಲು ಜನ ಬೇಕಾದರೆ ನಾನು ಬರುತ್ತೇನೆ. ಹೊಲಿಗೆಯ ಟೇಪು ಒಂದೂವರೆ ಮೀಟರಿಗೇ ಮುಗಿಯುತ್ತದೆ, ಅದಕ್ಕೇ ಐದು ಮೀಟರಿನ ಕಬ್ಬಿಣದ ಟೇಪು ತಂದಿಟ್ಟುಕೊಂಡಿದ್ದೇನೆ. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟರೆ ಪ್ರತಿ ಭಾನುವಾರ ಬೆಳಗ್ಗೆ ಎಂಟಕ್ಕೆ ನಾವು ಕಣದಲ್ಲಿರುತ್ತೇವೆ. ನಿಮ್ಮ ಪದಾಧಿಕಾರಿಗಳು ಒಮ್ಮೆ ಬಂದು, ಸರಿಯಾದ ಎತ್ತರದ ನೆಟ್ಟಿನಲ್ಲಿ ಈ ಮಕ್ಕಳು ಸ್ಮ್ಯಾಶ್ ಮಾಡುವುದನ್ನು ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
11 ಹುಡುಗಿಯರ ಪರವಾಗಿ,
ಒಬ್ಬ ಹಳೆಯ ಆಟಗಾರ್ತಿ
ಅಮ್ಮತ್ತಿ ಹೋಬಳಿ, ಕೊಡಗು